ಒಂದು ಗೆರೆ, ಎರಡು ಗೆರೆ: ಹೃದಯಾಘಾತದ ಶೀಘ್ರ ರಕ್ತ ಪರೀಕ್ಷೆ ಏನು ಹೇಳುತ್ತದೆ?

ಎರಡು ವರ್ಷಗಳ ಹಿಂದಿನ ಮಾತು. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳನ್ನು ಇಟ್ಟುಕೊಂಡಿರುವ ನೇಕಾರರೊಬ್ಬರಿದ್ದಾರೆ. ಆಗ ಅವರಿಗೆ 46 ವರ್ಷ. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಅವರಿಗೆ ಎದೆಯ ನಡುವೆ ಹಿಂಡಿದಂತೆ ನೋವು ಬಂತು. ಮೈಯೆಲ್ಲ ಬೆವತಿತು, ಎಡತೋಳು ಜೋಮು ಹಿಡಿಯಿತು. ಮಗ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಒಂದು ಕ್ಲಿನಿಕ್ಕಿಗೆ ಕರೆದೊಯ್ದ. ಐದೂಕಾಲಿಗೆ ಅಲ್ಲಿ ರಕ್ತ ತೆಗೆದು, ಬಿಳಿ ಪ್ಲಾಸ್ಟಿಕ್ ಕಾರ್ಡೊಂದರ ಕುಳಿಯಲ್ಲಿ ಕೆಲವು ಹನಿ ಹಾಕಿದರು. ಹದಿನೈದು ನಿಮಿಷ ಕಾದರು. ಕಾರ್ಡಿನಲ್ಲಿ ಒಂದೇ ಒಂದು ಕೆಂಪು ಗೆರೆ ಮೂಡಿತು. "ಟ್ರೋಪೋನಿನ್ ನೆಗೆಟಿವ್. ಹಾರ್ಟ್ ಅಟ್ಯಾಕ್ ಅಲ್ಲ, ಗ್ಯಾಸ್ಟ್ರಿಕ್ ಇರಬೇಕು" ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಇಸಿಜಿ ತೆಗೆಯಲಿಲ್ಲ, ಅದನ್ನು ತೆಗೆಯುವವರು ಒಂಬತ್ತು ಗಂಟೆಗೆ ಬರುವವರಿದ್ದರು.

ಹನ್ನೊಂದು ಗಂಟೆಗೆ ನೋವು ಮತ್ತೆ ಹೆಚ್ಚಿ, ಅವರು ಮಗ್ಗದ ಪಕ್ಕದಲ್ಲೇ ಕುಸಿದರು. ಈ ಬಾರಿ ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಅಲ್ಲಿ ತೆಗೆದ ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಬೆಂಗಳೂರಿಗೆ ಕಳಿಸಿದರು. ಜೀವ ಉಳಿಯಿತು. ಆದರೆ ಆರು ಗಂಟೆಗೂ ಹೆಚ್ಚು ಕಾಲ ರಕ್ತವಿಲ್ಲದೆ ಸತ್ತ ಹೃದಯ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಇಂದು ಅವರು ಒಂದು ಮಹಡಿ ಹತ್ತಿದರೆ ಏದುಸಿರು ಬಿಡುತ್ತಾರೆ. ಮಗ್ಗಗಳನ್ನು ಹೆಂಡತಿ ಮತ್ತು ಮಗ ನೋಡಿಕೊಳ್ಳುತ್ತಿದ್ದಾರೆ.

ಕೆಲವು ದಿನಗಳ ನಂತರ ಆ ಹುಡುಗ ಕಾರ್ಡಿನ ಚಿತ್ರವನ್ನು ಫೋನಿನಲ್ಲಿ ನನಗೆ ತೋರಿಸಿ, "ಮೇಷ್ಟ್ರೇ, ನೀವು ಫಿಸಿಕ್ಸ್ ಹೇಳಿಕೊಡೋರು. ಈ ಕಾರ್ಡು ಯಾಕೆ ಸುಳ್ಳು ಹೇಳಿತು?" ಎಂದು ಕೇಳಿದ. ನಾನು ವೈದ್ಯನಲ್ಲ. ಆದರೆ ಇದು ಅಳತೆಯ ಪ್ರಶ್ನೆ. ಅಳತೆ ಭೌತವಿಜ್ಞಾನದವರ ಕಸುಬು. ಕಾರ್ಡು ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ಓದುವಾಗ ಗಡಿಯಾರ ನೋಡುವುದನ್ನು ಮರೆತಿದ್ದರು. ಈ ಲೇಖನದಲ್ಲಿ ನಿಮಗೆ ಹೇಳಬೇಕೆಂದಿರುವುದು ಇದನ್ನೇ.

ಹೃದಯಾಘಾತದಲ್ಲಿ ನಡೆಯುವುದೇನು?

ಹೃದಯ ಇಡೀ ದೇಹಕ್ಕೆ ರಕ್ತ ಪಂಪು ಮಾಡುವ ಸ್ನಾಯು. ಆ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವವು ಹೃದಯದ ಮೇಲ್ಮೈಯಲ್ಲಿ ಹರಡಿರುವ ಕರೋನರಿ ಅಪಧಮನಿಗಳು. ಇವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ದಡ್ಡು ಕಟ್ಟಿರುತ್ತದೆ. ಒಂದು ದಿನ ಆ ದಡ್ಡು ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ನಾಳ ಪೂರ್ತಿಯಾಗಿ ಮುಚ್ಚಿದ ಸುಮಾರು 20 ನಿಮಿಷಗಳ ನಂತರ ಆ ಭಾಗದ ಸ್ನಾಯುಕೋಶಗಳು ಶಾಶ್ವತವಾಗಿ ಸಾಯತೊಡಗುತ್ತವೆ. ಸಾವು ಹೃದಯದ ಗೋಡೆಯ ಒಳಪದರದಿಂದ ಹೊರಪದರದತ್ತ ಗಂಟೆಗಳ ಅವಧಿಯಲ್ಲಿ ಹರಡುತ್ತದೆ. ಈ ಅವಧಿಯಲ್ಲಿ ನಾಳವನ್ನು ತೆರೆದರೆ ಉಳಿದ ಸ್ನಾಯುವನ್ನು ಕಾಪಾಡಬಹುದು. ಹೃದಯ ತಜ್ಞರು 'ಸಮಯವೇ ಸ್ನಾಯು' ಎನ್ನುವುದು ಈ ಕಾರಣಕ್ಕೆ.

ಕೋಶ ಸತ್ತಾಗ ಅದರ ಪೊರೆ ಹರಿಯುತ್ತದೆ. ಒಳಗಿದ್ದ ಪ್ರೋಟೀನುಗಳು ಹೊರಗೆ ಸೋರಿ ಕ್ರಮೇಣ ರಕ್ತವನ್ನು ಸೇರುತ್ತವೆ. ರಕ್ತ ಪರೀಕ್ಷೆ ಹುಡುಕುವುದು ಹೀಗೆ ಸೋರಿಬಂದ ಪ್ರೋಟೀನುಗಳನ್ನು. ಅಂದರೆ ಈ ಪರೀಕ್ಷೆ ನಾಳ ಮುಚ್ಚಿರುವುದನ್ನು ನೇರವಾಗಿ ಕಾಣುವುದಿಲ್ಲ. ಅದರಿಂದ ಸ್ನಾಯುವಿಗೆ ಆದ ಹಾನಿಯನ್ನು, ಅದೂ ಸ್ವಲ್ಪ ತಡವಾಗಿ, ಕಾಣುತ್ತದೆ.

ಸುಳಿವು ಕೊಡುವ ಪ್ರೋಟೀನುಗಳು

ಈ ಹುಡುಕಾಟಕ್ಕೆ ಎಪ್ಪತ್ತು ವರ್ಷಗಳ ಇತಿಹಾಸವಿದೆ. 1954ರಲ್ಲಿ ಅಮೆರಿಕದ ಲಾಡ್ಯೂ, ವ್ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ಅವರು ಹೃದಯಾಘಾತವಾದವರ ರಕ್ತದಲ್ಲಿ ಒಂದು ಕಿಣ್ವದ ಪ್ರಮಾಣ ಏರುವುದನ್ನು ತೋರಿಸಿದರು. ಇಂದು ಎಎಸ್‌ಟಿ ಎಂದು ಕರೆಯುವ ಆ ಕಿಣ್ವ ಯಕೃತ್ತಿನಲ್ಲೂ ಇದೆ. ಆದ್ದರಿಂದ ಅದು ಏರಿದರೆ ತೊಂದರೆ ಹೃದಯದ್ದೋ ಯಕೃತ್ತಿನದೋ ಎಂಬ ಗೊಂದಲ ಉಳಿಯುತ್ತಿತ್ತು. ಮುಂದೆ ಕ್ರಿಯಾಟಿನ್ ಕೈನೇಸ್, ಅದರಲ್ಲೂ ಹೃದಯದಲ್ಲಿ ಹೆಚ್ಚಾಗಿರುವ ಸಿಕೆ-ಎಂಬಿ ಎಂಬ ರೂಪ ಬಳಕೆಗೆ ಬಂತು. ಇದು ಕೂಡ ಕೈಕಾಲಿನ ಸ್ನಾಯುಗಳಲ್ಲಿ ಸ್ವಲ್ಪ ಇದೆ.

ಹೃದಯಕ್ಕೆ ಮಾತ್ರ ಮೀಸಲಾದ ಗುರುತು ಸಿಕ್ಕಿದ್ದು ಟ್ರೋಪೋನಿನ್‌ನಿಂದ. 1960ರ ದಶಕದಲ್ಲಿ ಜಪಾನಿನ ಸೆತ್ಸುರೋ ಎಬಾಷಿ ಇದನ್ನು ಕಂಡುಹಿಡಿದರು. ಸ್ನಾಯುವಿನ ತೆಳು ಎಳೆಗಳ ಮೇಲೆ ಕೂತು, ಕ್ಯಾಲ್ಸಿಯಂ ಬಂದಾಗ ಸಂಕೋಚನಕ್ಕೆ ಅನುಮತಿ ಕೊಡುವ ಸ್ವಿಚ್ಚು ಇದು. ಇದರಲ್ಲಿ ಸಿ, ಐ, ಟಿ ಎಂಬ ಮೂರು ಭಾಗಗಳಿವೆ. ಇವುಗಳಲ್ಲಿ ಐ ಮತ್ತು ಟಿ ಭಾಗಗಳು ಹೃದಯದಲ್ಲಿ ಒಂದು ಬಗೆ, ಕೈಕಾಲಿನ ಸ್ನಾಯುಗಳಲ್ಲಿ ಇನ್ನೊಂದು ಬಗೆ. ಹೃದಯದ ಬಗೆಯನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ತಯಾರಿಸಬಹುದು ಎಂದು ಗೊತ್ತಾದಾಗ ಚಿತ್ರ ಬದಲಾಯಿತು. 1980ರ ದಶಕದ ಕೊನೆಯ ವರ್ಷಗಳಲ್ಲಿ ಟ್ರೋಪೋನಿನ್ ಐ ಮತ್ತು ಟಿ ಪರೀಕ್ಷೆಗಳು ಬಂದವು. 2000ದಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಹೃದಯಾಘಾತದ ವ್ಯಾಖ್ಯೆಯನ್ನೇ ಟ್ರೋಪೋನಿನ್ ಆಧಾರದ ಮೇಲೆ ಪುನರ್ರಚಿಸಿದವು.

ಈ ಸೂಚಕಗಳು ರಕ್ತದಲ್ಲಿ ಕಾಣಿಸಿಕೊಳ್ಳುವ ವೇಳಾಪಟ್ಟಿ ಬೇರೆ ಬೇರೆ. ನೋವು ಆರಂಭವಾದ ಕ್ಷಣದಿಂದ ಎಣಿಸಿದರೆ, ಸಾಮಾನ್ಯ ವಿಧಾನಗಳಲ್ಲಿ ಅಳೆದಾಗ ಸಿಗುವ ಅಂದಾಜು ಹೀಗಿದೆ:

ಮಯೋಗ್ಲೋಬಿನ್: 1ರಿಂದ 3 ಗಂಟೆಗೆ ಏರತೊಡಗುತ್ತದೆ, 24 ಗಂಟೆಯ ಹೊತ್ತಿಗೆ ಸಹಜ ಮಟ್ಟಕ್ಕೆ ಇಳಿಯುತ್ತದೆ.
ಎಚ್-ಎಫ್‌ಎಬಿಪಿ ಎಂಬ, ಕೊಬ್ಬಿನ ಆಮ್ಲವನ್ನು ಹೊರುವ ಪ್ರೋಟೀನು: 1ರಿಂದ 3 ಗಂಟೆ, ಇದೂ ಸುಮಾರು 24 ಗಂಟೆಯಲ್ಲಿ ಇಳಿಯುತ್ತದೆ.
ಸಿಕೆ-ಎಂಬಿ: 3ರಿಂದ 6 ಗಂಟೆ, 2ರಿಂದ 3 ದಿನದಲ್ಲಿ ಇಳಿಯುತ್ತದೆ.
ಟ್ರೋಪೋನಿನ್ ಐ: 3ರಿಂದ 6 ಗಂಟೆ, 5ರಿಂದ 10 ದಿನ ಉಳಿಯುತ್ತದೆ.
ಟ್ರೋಪೋನಿನ್ ಟಿ: 3ರಿಂದ 6 ಗಂಟೆ, 10ರಿಂದ 14 ದಿನ ಉಳಿಯುತ್ತದೆ.

ಮಯೋಗ್ಲೋಬಿನ್ ಮತ್ತು ಎಚ್-ಎಫ್‌ಎಬಿಪಿ ಬೇಗ ಬರುವುದೇಕೆ? ಇವು ಸಣ್ಣ ಅಣುಗಳು. ಮಯೋಗ್ಲೋಬಿನ್‌ನ ಅಣುತೂಕ ಸುಮಾರು 17,000, ಎಚ್-ಎಫ್‌ಎಬಿಪಿಯದು ಸುಮಾರು 15,000. ಅಷ್ಟೇ ಅಲ್ಲ, ಇವು ಕೋಶದ್ರವದಲ್ಲಿ ಬಿಡಿಯಾಗಿ ತೇಲುತ್ತಿರುತ್ತವೆ. ಪೊರೆ ಹರಿದ ಕೂಡಲೇ ಹೊರಬರುತ್ತವೆ. ಟ್ರೋಪೋನಿನ್‌ನ ಬಹುಪಾಲು ಸ್ನಾಯುವಿನ ಎಳೆಗಳಿಗೆ ಕಟ್ಟಿಕೊಂಡಿರುತ್ತದೆ; ಬಿಡಿಯಾಗಿರುವುದು ನೂರಕ್ಕೆ ಐದಾರು ಭಾಗ ಮಾತ್ರ. ಎಳೆಗಳು ಶಿಥಿಲವಾದಂತೆ ಅದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಆದ್ದರಿಂದಲೇ ಅದು ತಡವಾಗಿ ಬಂದು ಬಹಳ ದಿನ ಉಳಿಯುತ್ತದೆ.

ಇನ್ನೊಂದು ಕಾರಣವನ್ನೂ ಗಮನಿಸಿ. ನಾಳ ಮುಚ್ಚಿದ ಜಾಗದಲ್ಲಿ ರಕ್ತದ ಹರಿವೇ ಇರುವುದಿಲ್ಲ. ಅಲ್ಲಿ ಸೋರಿದ ಪ್ರೋಟೀನನ್ನು ತೋಳಿನ ರಕ್ತನಾಳದವರೆಗೆ ಸಾಗಿಸುವವರು ಯಾರು? ಅದು ಅಂಗಾಂಶದ ದ್ರವದಲ್ಲಿ ವಿಸರಣೆಯಿಂದ ನಿಧಾನವಾಗಿ ಹೊರಬರಬೇಕು. ನಾಳವನ್ನು ತೆರೆದ ಕೂಡಲೇ ರಕ್ತದ ಟ್ರೋಪೋನಿನ್ ಮಟ್ಟ ಥಟ್ಟನೆ ಏರುವುದು ಇದೇ ಕಾರಣಕ್ಕೆ. ತಡೆದಿದ್ದ ನೀರು ಬಿಟ್ಟಾಗ ಕಾಲುವೆಯಲ್ಲಿದ್ದ ಕಸವೆಲ್ಲ ಒಮ್ಮೆಗೇ ಕೊಚ್ಚಿಬರುವಂತೆ.

ಹಾಗಿದ್ದರೆ ಬೇಗ ಬರುವ ಮಯೋಗ್ಲೋಬಿನ್ನನ್ನೇ ನಂಬಬಹುದಲ್ಲ ಎನ್ನಬಹುದು. ಅದು ದೇಹದ ಇತರ ಸ್ನಾಯುಗಳಲ್ಲೂ ಹೇರಳವಾಗಿದೆ. ಹೊಲ ಉತ್ತು ಬಂದವರಲ್ಲೂ, ಬೈಕಿನಿಂದ ಬಿದ್ದು ಪೆಟ್ಟಾದವರಲ್ಲೂ ಏರುತ್ತದೆ. ಬೇಗ ಬರುವುದು ನಿರ್ದಿಷ್ಟವಲ್ಲ, ನಿರ್ದಿಷ್ಟವಾದುದು ಬೇಗ ಬರುವುದಿಲ್ಲ. ಕಳೆದ ಮೂರು ದಶಕಗಳ ಸಂಶೋಧನೆ ಹೆಣಗಿರುವುದು ಈ ಇಕ್ಕಟ್ಟಿನಿಂದ ಬಿಡಿಸಿಕೊಳ್ಳಲು.

ಲಕ್ಷ ಚೀಲ ರಾಗಿಯಲ್ಲಿ ಒಂದು ಗ್ರಾಂ ಸಾಸಿವೆ

ಎಷ್ಟು ಸೂಕ್ಷ್ಮವಾದ ಅಳತೆ ಇದು? ಟ್ರೋಪೋನಿನ್ ಟಿಯ ಒಂದು ಪ್ರಚಲಿತ ಅಧಿಕ ಸೂಕ್ಷ್ಮತೆಯ ಪರೀಕ್ಷೆಯಲ್ಲಿ ಆರೋಗ್ಯವಂತರ ಮೇಲ್ಮಿತಿ ಲೀಟರಿಗೆ 14 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಒಂದು ಲೀಟರ್ ಪ್ಲಾಸ್ಮಾದಲ್ಲಿ ಇತರ ಪ್ರೋಟೀನುಗಳೆಲ್ಲ ಸೇರಿ ಸುಮಾರು 70 ಗ್ರಾಂ ಇವೆ. 70 ಗ್ರಾಮನ್ನು 14 ನ್ಯಾನೋಗ್ರಾಮಿನಿಂದ ಭಾಗಿಸಿ ನೋಡಿ: 500 ಕೋಟಿ ಬರುತ್ತದೆ. 500 ಕೋಟಿ ಗ್ರಾಂ ಎಂದರೆ 5000 ಟನ್, ಅಂದರೆ 50 ಕಿಲೋ ತೂಗುವ ಒಂದು ಲಕ್ಷ ಚೀಲ. ಅಷ್ಟು ರಾಗಿಯಲ್ಲಿ ಬೆರೆತ ಒಂದು ಗ್ರಾಂ ಸಾಸಿವೆಯನ್ನು ಪತ್ತೆಹಚ್ಚಿ ತೂಗಬೇಕು!

ಆದರೆ ಅಣುಗಳ ಲೆಕ್ಕದಲ್ಲಿ ನೋಡಿದರೆ ಧೈರ್ಯ ಬರುತ್ತದೆ. ಟ್ರೋಪೋನಿನ್ ಟಿಯ ಅಣುತೂಕ ಸುಮಾರು 37,000. ಅವೊಗಾಡ್ರೋ ಸಂಖ್ಯೆಯನ್ನು ಬಳಸಿ ಲೆಕ್ಕ ಮಾಡಿದರೆ, ಈ ಸಾರತೆಯಲ್ಲಿ 0.1 ಮಿಲಿಲೀಟರ್ ದ್ರವದಲ್ಲಿ ಸುಮಾರು 2.3 ಕೋಟಿ ಟ್ರೋಪೋನಿನ್ ಅಣುಗಳಿರುತ್ತವೆ. ಪಿಯುಸಿ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಅಣುಗಳಿಗೆ ಬರವಿಲ್ಲ, ಗುಂಪಿನಿಂದ ಅವನ್ನು ಆರಿಸಿ ತೆಗೆಯುವ ಕೈ ಬೇಕು.

ಆ ಕೈ ಪ್ರತಿಕಾಯ. ಪ್ರತಿಕಾಯಗಳನ್ನು ಅಳತೆಯ ಸಾಧನವಾಗಿ ಬಳಸುವ ದಾರಿ ತೋರಿದವರಲ್ಲಿ ಮೊದಲಿಗರು ರೋಸಲಿನ್ ಯಾಲೋ. ಅವರು ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ. ಸಾಲೊಮನ್ ಬರ್ಸನ್ ಜೊತೆಗೂಡಿ ಅವರು ವಿಕಿರಣಶೀಲ ಅಯೋಡಿನ್ ಸೇರಿಸಿದ ಇನ್ಸುಲಿನ್ನನ್ನು ಬಳಸಿ, ರಕ್ತದ ಇನ್ಸುಲಿನ್ ಪ್ರಮಾಣವನ್ನು ಅಳೆದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂತು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ ಇಂಥ ಪರೀಕ್ಷೆಗಳು ಎಲ್ಲೆಡೆ ಹರಡಿದವು.

ಕಾರ್ಡಿನೊಳಗೆ ಏನಿದೆ?

ಕೊರೋನಾ ಕಾಲದಲ್ಲಿ ಮನೆಯಲ್ಲೇ ಮಾಡಿಕೊಂಡ ಆಂಟಿಜೆನ್ ಪರೀಕ್ಷೆಯನ್ನು ನೀವು ನೋಡಿರುತ್ತೀರಿ. ಟ್ರೋಪೋನಿನ್ ಕಾರ್ಡು ಅದೇ ಮನೆತನಕ್ಕೆ ಸೇರಿದ್ದು. ಪ್ಲಾಸ್ಟಿಕ್ ಕವಚವನ್ನು ಬಿಚ್ಚಿದರೆ ಒಳಗೆ ಉದ್ದನೆಯ ಪಟ್ಟಿ ಕಾಣುತ್ತದೆ. ಅದರ ಒಂದು ತುದಿಯಲ್ಲಿ ರಕ್ತಕಣಗಳನ್ನು ಸೋಸುವ ಮೆತ್ತೆ. ಮುಂದಿನ ಮೆತ್ತೆಯಲ್ಲಿ ಚಿನ್ನದ ನ್ಯಾನೋಕಣಗಳಿಗೆ ಅಂಟಿಸಿ ಒಣಗಿಸಿದ ಪ್ರತಿಕಾಯಗಳು. ಆಮೇಲೆ ನೈಟ್ರೊಸೆಲ್ಯುಲೋಸಿನ ಬಿಳಿ ಹಾಳೆ. ಅದರ ಮೇಲೆ ಅಡ್ಡಲಾಗಿ ಕಣ್ಣಿಗೆ ಕಾಣದ ಎರಡು ಗೆರೆಗಳು. ಕೊನೆಯಲ್ಲಿ ದ್ರವವನ್ನು ಹೀರಿಕೊಳ್ಳುವ ದಪ್ಪ ಕಾಗದ.

ಕುಳಿಗೆ ರಕ್ತ ಹಾಕಿದಾಗ ದ್ರವಭಾಗ ಸೋಸಿ ಮುಂದೆ ಹರಿಯುತ್ತದೆ. ಅದರಲ್ಲಿ ಟ್ರೋಪೋನಿನ್ ಇದ್ದರೆ ಚಿನ್ನದ ಕಣದ ಮೇಲಿನ ಪ್ರತಿಕಾಯ ಅದನ್ನು ಹಿಡಿದುಕೊಳ್ಳುತ್ತದೆ. ಈ ಜೋಡಿ ಮೊದಲ ಗೆರೆಯನ್ನು ತಲುಪುತ್ತದೆ. ಅಲ್ಲಿ ಕೂತಿರುವ ಎರಡನೆಯ ಪ್ರತಿಕಾಯ ಅದೇ ಟ್ರೋಪೋನಿನ್ ಅಣುವಿನ ಇನ್ನೊಂದು ಭಾಗವನ್ನು ಹಿಡಿಯುತ್ತದೆ. ಎರಡು ಪ್ರತಿಕಾಯಗಳ ನಡುವೆ ಟ್ರೋಪೋನಿನ್ ಸಿಕ್ಕಿಕೊಳ್ಳುವುದರಿಂದ ಇದಕ್ಕೆ ಸ್ಯಾಂಡ್‌ವಿಚ್ ವಿಧಾನ ಎಂದು ಹೆಸರು. ಹೀಗೆ ಲಕ್ಷಾಂತರ ಚಿನ್ನದ ಕಣಗಳು ಒಂದೇ ಗೆರೆಯಲ್ಲಿ ಜಮೆಯಾದಾಗ ಕೆಂಪು ಬಣ್ಣ ಕಾಣಿಸುತ್ತದೆ. ಉಳಿದ ಕಣಗಳು ಮುಂದಕ್ಕೆ ಸಾಗಿ ಎರಡನೆಯ ಗೆರೆಯಲ್ಲಿ ನಿಲ್ಲುತ್ತವೆ. ಇದು ನಿಯಂತ್ರಣದ ಗೆರೆ. ಟ್ರೋಪೋನಿನ್ ಇರಲಿ ಇಲ್ಲದಿರಲಿ ಮೂಡಲೇಬೇಕು. ಮೂಡದಿದ್ದರೆ ಕಾರ್ಡು ಕೆಟ್ಟಿದೆ ಎಂದರ್ಥ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವಾಹನದಲ್ಲಿಟ್ಟ ಕಾರ್ಡುಗಳನ್ನು ನಂಬಲಾಗದು. ಪ್ರತಿಕಾಯವೂ ಒಂದು ಪ್ರೋಟೀನು, ಶಾಖಕ್ಕೆ ಹಾಳಾಗುತ್ತದೆ.

ಚಿನ್ನ ಹಳದಿ, ಗೆರೆ ಕೆಂಪು. ಏಕೆ? 1857ರಲ್ಲೇ ಮೈಕೆಲ್ ಫ್ಯಾರಡೆ ಚಿನ್ನದ ಅತಿ ಸಣ್ಣ ಕಣಗಳಿರುವ ದ್ರವ ಮಾಣಿಕ್ಯದಂತೆ ಕೆಂಪಾಗಿರುವುದನ್ನು ವಿವರಿಸಿದ್ದರು. ಸುಮಾರು 40 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣದಲ್ಲಿ ಸ್ವತಂತ್ರ ಎಲೆಕ್ಟ್ರಾನುಗಳು ಬೆಳಕಿನ ವಿದ್ಯುತ್ ಕ್ಷೇತ್ರದೊಂದಿಗೆ ಒಟ್ಟಾಗಿ ಓಲಾಡುತ್ತವೆ. ಈ ಓಲಾಟಕ್ಕೆ ಅದರದೇ ಸಹಜ ಆವೃತ್ತಿಯಿದೆ. ಬೆಳಕಿನ ಆವೃತ್ತಿ ಅದಕ್ಕೆ ಹೊಂದಿದಾಗ ಅನುನಾದ ಉಂಟಾಗಿ, ಆ ಬೆಳಕನ್ನು ಕಣ ಬಲವಾಗಿ ಹೀರುತ್ತದೆ. ಚಿನ್ನದ ಕಣಕ್ಕೆ ಇದು ಸುಮಾರು 520ರಿಂದ 530 ನ್ಯಾನೋಮೀಟರ್ ತರಂಗಾಂತರದಲ್ಲಿ, ಅಂದರೆ ಹಸಿರಿನಲ್ಲಿ ಆಗುತ್ತದೆ. ಹಸಿರನ್ನು ಕಳೆದುಕೊಂಡ ಬಿಳಿ ಬೆಳಕು ನಮಗೆ ಕೆಂಪಾಗಿ ಕಾಣುತ್ತದೆ.

ಪಂಪಿಲ್ಲದೆ ದ್ರವ ಹರಿಯುವುದು ಲೋಮನಾಳ ಕ್ರಿಯೆಯಿಂದ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದರಿಂದಲೇ. ಎಳೆಯುವ ಬಲ ಸ್ಥಿರ. ಆದರೆ ಒದ್ದೆಯಾದ ಭಾಗ ಉದ್ದವಾದಂತೆ ಸ್ನಿಗ್ಧತೆಯ ತಡೆ ಹೆಚ್ಚುತ್ತದೆ. ಆದ್ದರಿಂದ ದ್ರವ ಸಾಗಿದ ದೂರದ ವರ್ಗ ಕಾಲಕ್ಕೆ ಅನುಪಾತದಲ್ಲಿರುತ್ತದೆ. ಇದು 1921ರಲ್ಲಿ ವಾಶ್‌ಬರ್ನ್ ಪ್ರಕಟಿಸಿದ ಸೂತ್ರ. ಮೊದಲ 2 ಸೆಂಟಿಮೀಟರ್ ದಾಟಲು 30 ಸೆಕೆಂಡ್ ಬೇಕಾದರೆ 4 ಸೆಂಟಿಮೀಟರ್ ದಾಟಲು 60 ಅಲ್ಲ, 120 ಸೆಕೆಂಡ್ ಬೇಕು. ಹಾಗಿದ್ದರೂ 15 ನಿಮಿಷ ಕಾಯುವುದೇಕೆ? ಹನಿಯ ಉಳಿದ ಭಾಗವೆಲ್ಲ ಗೆರೆಯ ಮೇಲೆ ಹಾದುಹೋಗಬೇಕು, ಅಣುಗಳಿಗೆ ಪ್ರತಿಕಾಯವನ್ನು ಸಂಧಿಸಲು ಅವಕಾಶ ಸಿಗಬೇಕು.

ಈ ಸರಳತೆಗೆ ಒಂದು ಬೆಲೆಯಿದೆ. ಗೆರೆ ಕಣ್ಣಿಗೆ ಕಾಣಬೇಕಾದರೆ ಸಾಕಷ್ಟು ಚಿನ್ನ ಅಲ್ಲಿ ಸೇರಬೇಕು. ಬರಿಗಣ್ಣಿನಲ್ಲಿ ಓದುವ ಹಲವು ಟ್ರೋಪೋನಿನ್ ಐ ಕಾರ್ಡುಗಳಲ್ಲಿ ಗೆರೆ ಕಾಣುವುದು ಪ್ರಮಾಣ ಲೀಟರಿಗೆ ಸುಮಾರು 500 ನ್ಯಾನೋಗ್ರಾಂ ತಲುಪಿದಾಗ. ಪ್ರಯೋಗಾಲಯದ ಅಧಿಕ ಸೂಕ್ಷ್ಮತೆಯ ಯಂತ್ರಗಳಲ್ಲಿ ಆರೋಗ್ಯವಂತರ ಮೇಲ್ಮಿತಿ ಕೆಲವು ಹತ್ತು ನ್ಯಾನೋಗ್ರಾಂ ಮಾತ್ರ. ನಮ್ಮ ನೇಕಾರರ ರಕ್ತ ತೆಗೆದದ್ದು ನೋವು ಬಂದ 45 ನಿಮಿಷಕ್ಕೆ. ಆಗ ಟ್ರೋಪೋನಿನ್ ಏರಲು ಆರಂಭಿಸಿದ್ದರೂ ಕಾರ್ಡಿನ ಕಣ್ಣಿಗೆ ಬೀಳುವಷ್ಟು ಆಗಿರುವ ಸಂಭವ ತೀರಾ ಕಡಿಮೆ.

ಅಧಿಕ ಸೂಕ್ಷ್ಮತೆ ಎಂದರೇನು?

ದೊಡ್ಡ ಪ್ರಯೋಗಾಲಯದ ಯಂತ್ರಗಳಲ್ಲೂ ಸ್ಯಾಂಡ್‌ವಿಚ್ ವಿಧಾನವೇ ಇದೆ. ಚಿನ್ನದ ಬದಲು ಬೆಳಕು ಸೂಸುವ ರಾಸಾಯನಿಕವನ್ನು ಕಟ್ಟಿ, ಹೊರಬರುವ ಬೆಳಕನ್ನು ಫೋಟೊಮಲ್ಟಿಪ್ಲೈಯರ್ ಎಣಿಸುತ್ತದೆ. ಒಂದು ಪರೀಕ್ಷೆ 'ಅಧಿಕ ಸೂಕ್ಷ್ಮತೆ'ಯದು ಎನಿಸಿಕೊಳ್ಳಲು ಎರಡು ಷರತ್ತುಗಳಿವೆ. ಆರೋಗ್ಯವಂತರಲ್ಲೂ ಕನಿಷ್ಠ ಅರ್ಧದಷ್ಟು ಜನರ ಟ್ರೋಪೋನಿನ್ನನ್ನು ಅದು ಅಳೆಯಬಲ್ಲದಾಗಿರಬೇಕು. ನೂರು ಆರೋಗ್ಯವಂತರಲ್ಲಿ 99 ಮಂದಿ ಯಾವ ಮಟ್ಟದ ಕೆಳಗಿರುತ್ತಾರೋ ಆ ಮಟ್ಟದಲ್ಲಿ ಅಳತೆಯ ಚದುರುವಿಕೆ ಶೇಕಡ 10ಕ್ಕಿಂತ ಹೆಚ್ಚಿರಬಾರದು.

ಈ ಎರಡನೆಯ ಷರತ್ತಿನ ಬೆಲೆಯನ್ನು ದೋಷ ವಿಶ್ಲೇಷಣೆ ಕಲಿತವರು ಕೂಡಲೇ ಗುರುತಿಸುತ್ತಾರೆ. ಟ್ರೋಪೋನಿನ್ ಟಿಯ ಮೊದಲ ಅಳತೆ 14 ಬಂತು ಎನ್ನಿ. ಶೇಕಡ 10 ಚದುರುವಿಕೆ ಎಂದರೆ 1.4. ಎರಡು ಅಳತೆಗಳ ವ್ಯತ್ಯಾಸದಲ್ಲಿನ ಚದುರುವಿಕೆ ಇದನ್ನು 2ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 2. ಒಂದು ಗಂಟೆಯ ನಂತರದ ಅಳತೆ 15 ಬಂದರೆ ಅದು ಯಂತ್ರದ ಗದ್ದಲವಿರಬಹುದು. 19 ಬಂದರೆ ವ್ಯತ್ಯಾಸ 5, ಚದುರುವಿಕೆಯ ಎರಡೂವರೆ ಪಟ್ಟು. ಅದು ನಿಜವಾದ ಏರಿಕೆ ಎಂದು ನಂಬಬಹುದು. ಯುರೋಪಿನ ಹೃದ್ರೋಗ ತಜ್ಞರ ಸಂಘದ 2023ರ ಮಾರ್ಗಸೂಚಿ ಇದೇ ರೀತಿಯ ತರ್ಕವನ್ನು ಬಳಸುತ್ತದೆ. ರೋಗಿ ಬಂದ ಕೂಡಲೇ ಒಮ್ಮೆ, ಒಂದು ಅಥವಾ ಎರಡು ಗಂಟೆಯ ನಂತರ ಇನ್ನೊಮ್ಮೆ ಅಳೆಯಬೇಕು. ಮೇಲೆ ಹೇಳಿದ ಟ್ರೋಪೋನಿನ್ ಟಿ ಪರೀಕ್ಷೆಯಲ್ಲಿ, ಮೊದಲ ಅಳತೆಯೇ 52 ಅಥವಾ ಹೆಚ್ಚು ಬಂದರೆ, ಇಲ್ಲವೇ ಒಂದು ಗಂಟೆಯಲ್ಲಿ 5 ಅಥವಾ ಹೆಚ್ಚು ಏರಿದರೆ ಹೃದಯಾಘಾತದ ಸಂಭವ ಹೆಚ್ಚು. ಮೊದಲ ಅಳತೆ 5ಕ್ಕಿಂತ ಕಡಿಮೆ ಇದ್ದರೆ ಸಂಭವ ತೀರಾ ಕಡಿಮೆ. ಆದರೆ ನೋವು ಆರಂಭವಾಗಿ 3 ಗಂಟೆ ಕಳೆದಿದ್ದರೆ ಮಾತ್ರ ಈ ಮಾತು ಸಲ್ಲುತ್ತದೆ. ಸಂಖ್ಯೆಗಳು ಒಂದೊಂದು ಕಂಪನಿಯ ಪರೀಕ್ಷೆಗೆ ಒಂದೊಂದು. ಒಂದರದ್ದನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಈ ಸೂಕ್ಷ್ಮತೆಯನ್ನು ರೋಗಿಯ ಮಂಚದ ಪಕ್ಕಕ್ಕೆ ತರುವ ಪ್ರಯತ್ನ ಈಗ ಫಲ ಕೊಡುತ್ತಿದೆ. ಬೆರಳ ತುದಿಯ ರಕ್ತದಿಂದ 8 ನಿಮಿಷದಲ್ಲಿ ಅಧಿಕ ಸೂಕ್ಷ್ಮತೆಯ ಫಲಿತಾಂಶ ಕೊಡುವ ಕೈಹಿಡಿ ಯಂತ್ರವೊಂದು ಯುರೋಪಿನಲ್ಲಿ ಬಳಕೆಗೆ ಬಂದಿದೆ. ಅದರಲ್ಲಿ ಪ್ರತಿಕಾಯ ಹೊತ್ತ ಕಾಂತೀಯ ನ್ಯಾನೋಕಣಗಳನ್ನು ಅಯಸ್ಕಾಂತದಿಂದ ಮೇಲ್ಮೈಗೆ ಎಳೆಯುತ್ತಾರೆ. ಆ ಮೇಲ್ಮೈಯಲ್ಲಿ ಬೆಳಕು ಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತಿರುತ್ತದೆ. ಕಣಗಳು ಅಂಟಿದಷ್ಟೂ ಪ್ರತಿಫಲನ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಅಳತೆ. ನಮ್ಮ ದೇಶದಲ್ಲಿ ಆಗ ಮುಂಬಯಿ ಐಐಟಿಯಲ್ಲಿದ್ದ ಪ್ರೊ. ವಿ. ರಾಮಗೋಪಾಲ ರಾವ್ ಅವರ ತಂಡ, ಪ್ರೋಟೀನು ಅಂಟಿದಾಗ ಬಾಗುವ ಸೂಕ್ಷ್ಮ ತೋಳುಗಳನ್ನು ಬಳಸಿ ಹೃದಯದ ಸೂಚಕಗಳನ್ನು ಅಳೆಯುವ ಕೆಲಸ ಮಾಡಿದೆ.

ನೆಗೆಟಿವ್ ಎಂದರೆ 'ಇಲ್ಲ' ಎಂದಲ್ಲ

ಒಂದು ಊಹೆಯ ಲೆಕ್ಕ ಮಾಡೋಣ. ಸಂಖ್ಯೆಗಳು ಅರ್ಥವಾಗಲೆಂದು ಕಲ್ಪಿಸಿಕೊಂಡವು. ಎದೆನೋವೆಂದು ಬಂದ 1000 ಜನರಲ್ಲಿ 100 ಮಂದಿಗೆ ನಿಜವಾಗಿ ಹೃದಯಾಘಾತವಾಗಿದೆ ಎನ್ನಿ. ನೋವು ಬಂದ ಆರಂಭದಲ್ಲೇ ಮಾಡಿದ ಕಾರ್ಡು ಪರೀಕ್ಷೆ ಅವರಲ್ಲಿ 60 ಮಂದಿಯನ್ನು ಹಿಡಿಯುತ್ತದೆ, 40 ಮಂದಿಯನ್ನು ಬಿಡುತ್ತದೆ. ಉಳಿದ 900 ಮಂದಿಯಲ್ಲಿ ಶೇಕಡ 5, ಅಂದರೆ 45 ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಈಗ ನೆಗೆಟಿವ್ ಬಂದವರು 895 ಮಂದಿ. ಅವರಲ್ಲಿ 40 ಮಂದಿಗೆ ಹೃದಯಾಘಾತ ನಡೆಯುತ್ತಲೇ ಇದೆ. ಸುಮಾರು 22 ಮಂದಿಯಲ್ಲಿ ಒಬ್ಬರು. 'ನೆಗೆಟಿವ್, ಮನೆಗೆ ಹೋಗಿ' ಎನ್ನುವ ವೈದ್ಯರು 22ರಲ್ಲಿ 21 ಬಾರಿ ಸರಿಯಾಗಿರುತ್ತಾರೆ. ಆದ್ದರಿಂದಲೇ ಅಭ್ಯಾಸ ಮುಂದುವರಿಯುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಪಾಸಿಟಿವ್ ಬಂದರೂ ಎಚ್ಚರ ಬೇಕು. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ, ಹೃದಯ ಸ್ನಾಯುವಿನ ಉರಿಯೂತ, ತೀವ್ರ ಸೋಂಕು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಹೃದಯ ವೈಫಲ್ಯ ಇವುಗಳಲ್ಲೂ ಟ್ರೋಪೋನಿನ್ ಏರುತ್ತದೆ. ಮ್ಯಾರಥಾನ್ ಓಡಿದವರಲ್ಲೂ ತಾತ್ಕಾಲಿಕವಾಗಿ ಏರುವುದುಂಟು. ಟ್ರೋಪೋನಿನ್ ಹೇಳುವುದು ಹೃದಯ ಸ್ನಾಯುವಿಗೆ ಪೆಟ್ಟಾಗಿದೆ ಎಂದಷ್ಟೇ. ಪೆಟ್ಟು ಯಾವುದರಿಂದ ಎಂದು ಹೇಳುವುದಿಲ್ಲ. ರೋಗಿಯ ನೋವಿನ ವಿವರ, ಇಸಿಜಿ ಮತ್ತು ಟ್ರೋಪೋನಿನ್‌ನ ಏರಿಳಿತ ಮೂರನ್ನೂ ಕೂಡಿಸಿ ವೈದ್ಯರು ನಿರ್ಧರಿಸಬೇಕು.

ಹಾಗೆಯೇ ಇದು ಭವಿಷ್ಯ ಹೇಳುವ ಪರೀಕ್ಷೆಯೂ ಅಲ್ಲ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಆರೋಗ್ಯವಂತರೂ ತಪಾಸಣೆಗೆ ಸಾಲುಗಟ್ಟಿ ನಿಂತರು. ಇಂದಿನ ಕಾರ್ಡಿನಲ್ಲಿ ಒಂದೇ ಗೆರೆ ಬಂದರೆ ನಾಳೆ ನಾಳ ಮುಚ್ಚುವುದಿಲ್ಲ ಎಂಬ ಭರವಸೆಯಿಲ್ಲ. ಅದಕ್ಕೆ ನೋಡಬೇಕಾದದ್ದು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಬೀಡಿ ಸಿಗರೇಟು.

ಮೊದಲು ಇಸಿಜಿ

ನಾಳ ಪೂರ್ತಿ ಮುಚ್ಚಿದಾಗ ಗಾಯಗೊಂಡ ಸ್ನಾಯುವಿನ ವಿದ್ಯುತ್ ವರ್ತನೆ ಕೆಲವೇ ನಿಮಿಷಗಳಲ್ಲಿ ಬದಲಾಗುತ್ತದೆ. ಇಸಿಜಿಯಲ್ಲಿ ಎಸ್‌ಟಿ ಎಂಬ ಭಾಗ ಮೇಲಕ್ಕೆ ಏಳುತ್ತದೆ. ಪ್ರೋಟೀನಿಗೆ ಗಂಟೆಗಳು ಬೇಕಾದರೆ ವಿದ್ಯುತ್ತಿಗೆ ನಿಮಿಷಗಳು ಸಾಕು. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕು ಎಂಬ ನಿಯಮ ಬಂದಿರುವುದು ಇದರಿಂದ. ಎಸ್‌ಟಿ ಎದ್ದಿದ್ದರೆ ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಂತಿಲ್ಲ. ಕೂಡಲೇ ನಾಳ ತೆರೆಯುವ ಚಿಕಿತ್ಸೆ ಆಗಬೇಕು. ಮೊದಲ ಇಸಿಜಿ ಸ್ಪಷ್ಟವಾಗಿಲ್ಲದಿದ್ದಾಗ ಟ್ರೋಪೋನಿನ್‌ನ ಸರದಿ. ಆಗ ರೋಗಿಯನ್ನು ಅಲ್ಲೇ ಇಟ್ಟುಕೊಂಡು, ಇಸಿಜಿಯನ್ನೂ ರಕ್ತ ಪರೀಕ್ಷೆಯನ್ನೂ ಮರಳಿ ಮಾಡಬೇಕು.

ನಮ್ಮ ಬೆಂಗಳೂರು ಗ್ರಾಮಾಂತರದ ಭೂಪಟವನ್ನು ಒಮ್ಮೆ ನೆನೆಯಿರಿ. ನೆಲಮಂಗಲ ನಗರದ ವಾಯುವ್ಯಕ್ಕೆ, ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ ಉತ್ತರಕ್ಕೆ, ಹೊಸಕೋಟೆ ಪೂರ್ವಕ್ಕೆ. ಜಯದೇವ ಹೃದ್ರೋಗ ಸಂಸ್ಥೆ ಇರುವುದು ನಗರದ ದಕ್ಷಿಣದ ಜಯನಗರದಲ್ಲಿ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೇ ಸುಮಾರು 40 ಕಿಲೋಮೀಟರ್. ಆಮೇಲೆ ಇಡೀ ನಗರದ ವಾಹನ ದಟ್ಟಣೆಯನ್ನು ದಾಟಬೇಕು. ಮಾರ್ಗಸೂಚಿಗಳ ಪ್ರಕಾರ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಹತ್ತಿರದಲ್ಲೇ ಕೊಟ್ಟು ಕಳಿಸಬೇಕು.

ರಾಜ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ತರ್ಕದ ಮೇಲೆ ನಿಂತಿದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಟನ ನೆನಪಿಗೆ ಇಟ್ಟ ಹೆಸರು ಅದು. ಗಾಡಿಯ ಚಕ್ರದ ಗುಂಬಕ್ಕೆ ಅರೆಗಳು ಸೇರಿಕೊಂಡಂತೆ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳನ್ನು ಜಯದೇವದಂಥ ಕೇಂದ್ರಗಳಿಗೆ ಜೋಡಿಸಲಾಗಿದೆ. ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೇಂದ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಓದುತ್ತಾರೆ. ಹೃದಯಾಘಾತ ಖಚಿತವಾದರೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಮ್ಮ ನೇಕಾರರಿಗೆ ಹನ್ನೊಂದು ಗಂಟೆಯ ನಂತರ ಸಿಕ್ಕಿದ್ದು ಬೆಳಿಗ್ಗೆ ಐದೂವರೆಗೇ ಸಿಗಬಹುದಿತ್ತು. ಆ ಕಾರ್ಡಿಗಾಗಿ ಕಾದ 15 ನಿಮಿಷ ದೊಡ್ಡದಲ್ಲ. ಅದರ ಮೇಲಿಟ್ಟ ನಂಬಿಕೆಯಿಂದ ಕಳೆದ ಆರು ಗಂಟೆ ದೊಡ್ಡದು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರಿಗೆ ಒಂದು ಸಲಹೆ. ಸೋಸುಕಾಗದವನ್ನು 1 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಪೆನ್ಸಿಲಿನಿಂದ ಪ್ರತಿ ಸೆಂಟಿಮೀಟರಿಗೂ ಗುರುತು ಹಾಕಿ. ಪಟ್ಟಿಯನ್ನು ಮೇಜಿನ ಮೇಲೆ ಅಡ್ಡಲಾಗಿ ಗಾಜಿನ ತುಂಡಿನ ಮೇಲಿರಿಸಿ, ಒಂದು ತುದಿಯನ್ನು ಬಣ್ಣದ ನೀರಿನಲ್ಲಿ ಅದ್ದಿ. ನೀರು ಪ್ರತಿ ಗುರುತನ್ನು ಮುಟ್ಟುವ ಸಮಯವನ್ನು ಬರೆದುಕೊಳ್ಳಿ. ದೂರ ಮತ್ತು ಕಾಲದ ನಕ್ಷೆ ಬಾಗುತ್ತದೆ; ದೂರದ ವರ್ಗ ಮತ್ತು ಕಾಲದ ನಕ್ಷೆ ಬಹುಮಟ್ಟಿಗೆ ನೇರವಾಗುತ್ತದೆ. ಆ ನಕ್ಷೆಯ ಪಕ್ಕದಲ್ಲೇ ಕರಿಹಲಗೆಯ ಮೇಲೆ ಇನ್ನೊಂದು ನಕ್ಷೆ ಬಿಡಿಸಿ: ಅಡ್ಡ ಅಕ್ಷದಲ್ಲಿ ನೋವು ಬಂದ ಮೇಲಿನ ಗಂಟೆಗಳು, ಲಂಬ ಅಕ್ಷದಲ್ಲಿ ಟ್ರೋಪೋನಿನ್. ಕಾರ್ಡಿನ ಮಿತಿಯನ್ನು ಒಂದು ಅಡ್ಡಗೆರೆಯಾಗಿ ಎಳೆಯಿರಿ. ವಕ್ರರೇಖೆ ಆ ಗೆರೆಯನ್ನು ದಾಟುವ ಮುಂಚಿನ ಗಂಟೆಗಳಲ್ಲಿ ಕಾರ್ಡಿನ ಉತ್ತರ 'ಇಲ್ಲ' ಎಂದೇ ಇರುತ್ತದೆ. ಮಕ್ಕಳಿಗೆ ಇದನ್ನು ನಾಲ್ಕು ಸಲ ಹೇಳುವುದಕ್ಕಿಂತ ಒಮ್ಮೆ ತೋರಿಸುವುದು ಮೇಲು.

ಆ ಮಕ್ಕಳ ಮನೆಗಳಲ್ಲಿ ಅಪ್ಪ, ಅಜ್ಜಿ, ಚಿಕ್ಕಪ್ಪ ಇದ್ದಾರೆ. ಎದೆ ಹಿಂಡುವ ನೋವು ಬಂದಾಗ ಬೈಕು ಹತ್ತಿಸದೆ 108ಕ್ಕೆ ಕರೆ ಮಾಡಬೇಕು, ನೋವು ಎಷ್ಟು ಗಂಟೆಗೆ ಶುರುವಾಯಿತೆಂದು ಚೀಟಿಯಲ್ಲಿ ಬರೆದುಕೊಳ್ಳಬೇಕು, ಆಸ್ಪತ್ರೆಯಲ್ಲಿ "ಇಸಿಜಿ ತೆಗೆದಿರಾ?" ಎಂದು ಕೇಳಬೇಕು, ಒಂದೇ ಸಲದ ನೆಗೆಟಿವ್ ಫಲಿತಾಂಶಕ್ಕೆ ಸಮಾಧಾನಪಟ್ಟು ಮನೆಗೆ ಬರಬಾರದು. ಇಷ್ಟನ್ನು ಒಬ್ಬ ಹತ್ತನೇ ತರಗತಿಯ ವಿದ್ಯಾರ್ಥಿ ನೆನಪಿಟ್ಟುಕೊಳ್ಳಬಲ್ಲ. ನೇಕಾರರ ಮಗ ಈಗ ನಮ್ಮ ಬೀದಿಯಲ್ಲಿ ಎಲ್ಲರಿಗೂ ಹೇಳುವುದು ಇದನ್ನೇ.